ಕ್ಯಾಮೆರಾ ಮಗು ಕಡೆ ತಿರುಗಿಸಮ್ಮ



ತಾಯಿಯ ನೆನಪಿಗೆ ಇಟ್ಟ ದತ್ತಿಯಲ್ಲಿ ಮಾತಾಡಲು ಬಂದವರು ತಾಯ್ತನವನ್ನು ಹೊಗಳಿ ಇಳಿಯುವುದು ರೂಢಿ. ಹೊಗಳುವುದು ಸುಲಭ, ಕೇಳುವವರಿಗೂ ಹಿತ. ಆದರೆ ಆ ಹೊಗಳಿಕೆಯೇ ಒಂದು ಕಾಯಿಲೆಯನ್ನು ಮುಚ್ಚಿಡಲು ನೆರವಾಗುತ್ತಿದೆ ಎಂಬುದು ನನ್ನ ಅನಿಸಿಕೆ. ಹೆತ್ತವಳು ಸಂತೋಷವಾಗಿರಲೇಬೇಕು ಎಂದು ನಾವು ಎಷ್ಟು ಗಟ್ಟಿಯಾಗಿ ಹೇಳುತ್ತೇವೋ, ಆ ಸಂತೋಷ ಬಾರದವಳು ಅಷ್ಟೇ ಗಟ್ಟಿಯಾಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಇವತ್ತಿನ ಮಾತು ಅವಳ ಬಗ್ಗೆ, ಅವಳ ಬಾಯಿ ಮುಚ್ಚಿಸುವ ನಾಲಿಗೆಗಳ ಬಗ್ಗೆ, ಮತ್ತು ಈಚಿನ ವರ್ಷಗಳಲ್ಲಿ ಬಾಣಂತಿ ಕೋಣೆಯೊಳಕ್ಕೂ ಬಂದು ಕೂತಿರುವ ಮೊಬೈಲಿನ ಬಗ್ಗೆ.

ನಮ್ಮ ಕಡೆಯ ಯಾವ ಊರಿನಲ್ಲಾದರೂ ಕಾಣುವ ಚಿತ್ರ ಇದು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಹುಡುಗಿ. ಶೇಂಗಾ ಕೈಕೊಟ್ಟ ವರ್ಷ ಗಂಡ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಬೆಳಕು ಕಡಿಮೆಯಿರುವ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಮೆಣಸಿನ ಸಾರು. ರಾತ್ರಿ ವಿಡಿಯೊ ಕಾಲ್ ಬರುತ್ತದೆ. ಆ ಕಡೆ ಗಂಡ, ಇನ್ನೊಂದು ಚೌಕದಲ್ಲಿ ಅತ್ತೆ, ನಾದಿನಿ. ಇವಳು ಎರಡು ರಾತ್ರಿ ನಿದ್ದೆಗೆಟ್ಟ ಮುಖವನ್ನು ಸರಿಮಾಡಿಕೊಂಡು ಫೋನ್ ಎತ್ತಿದರೆ ಎಲ್ಲರದೂ ಒಂದೇ ಮಾತು: "ಕ್ಯಾಮೆರಾ ಮಗು ಕಡೆ ತಿರುಗಿಸಮ್ಮ." ತಿರುಗಿಸುತ್ತಾಳೆ. ಅಲ್ಲಿಂದ ಮುಂದೆ ಆ ಕರೆಯಲ್ಲಿ ಅವಳಿಗಿರುವ ಕೆಲಸ ಫೋನ್ ಹಿಡಿದುಕೊಳ್ಳುವುದು ಮಾತ್ರ. ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಮಗುವಿನ ಮೇಲೆ ಅಕ್ಕರೆ. ಮಗು ಯಾಕೆ ಅಳುತ್ತಿದೆ, ಯಾಕೆ ಬಡವಾಗಿದೆ, ಹಾಲು ಸಾಲುತ್ತಿಲ್ಲವೇನೋ ಎಂದು ಕೇಳುವಾಗ ಮಾತ್ರ ಅವಳ ಹೆಸರು ಬರುತ್ತದೆ. ತಪ್ಪು ಹುಡುಕುವಾಗ ಕಾಣುವ ತಾಯಿ ಉಳಿದ ಹೊತ್ತು ಯಾರಿಗೂ ಕಾಣುವುದಿಲ್ಲ.

ಕಾಯಿಲೆಯ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು, ರೇಗುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುವಂಥದ್ದು. ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ, ಔಷಧಿ ಬೇಡ, ಒಳ್ಳೆಯ ಮಾತು ಮತ್ತು ನಿದ್ದೆ ಸಾಕು. ಇನ್ನೊಂದು ಬಹಳ ಅಪರೂಪದ್ದು, ಸಾವಿರಕ್ಕೆ ಒಬ್ಬರು ಇಬ್ಬರಿಗೆ. ಮೊದಲ ವಾರಗಳಲ್ಲೇ ನಿದ್ದೆ ಪೂರ್ತಿ ಹೋಗಿ, ಇಲ್ಲದ ದನಿ ಕೇಳಿಸಿ, ಮಗು ತನ್ನದಲ್ಲ ಎನ್ನುವಷ್ಟು ಬುದ್ಧಿ ಕದಡುತ್ತದೆ. ಅದು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ತುರ್ತು. ಇವೆರಡರ ನಡುವೆ ಇರುವುದು ಪ್ರಸವೋತ್ತರ ಖಿನ್ನತೆ. ಎರಡು ವಾರ ಮೀರಿದರೂ ಮಂಕು ಬಿಡುವುದಿಲ್ಲ, ಮಗು ಮಲಗಿದಾಗಲೂ ಇವಳಿಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಮಗುವನ್ನು ಎತ್ತಿಕೊಂಡರೆ ಏನೂ ಅನ್ನಿಸುವುದಿಲ್ಲ, ಅನ್ನಿಸದಿರುವುದಕ್ಕೇ ತಾನು ಪಾಪಿ ಅನ್ನಿಸುತ್ತದೆ. ಕೆಲವರಿಗೆ ಸಾಯುವ ಯೋಚನೆ ಬರುತ್ತದೆ. ಹೆರಿಗೆಯಾಗಿ ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಬಂದ ಒಂದು ಲೇಖನ ನಮ್ಮ ದೇಶದ 38 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿತು. ಇಪ್ಪತ್ತು ಸಾವಿರ ತಾಯಂದಿರಲ್ಲಿ ನೂರಕ್ಕೆ 22 ಮಂದಿಗೆ ಈ ತೊಂದರೆ ಇತ್ತು. ಅಂದರೆ ಒಂದು ಅಂಗನವಾಡಿಯ ವ್ಯಾಪ್ತಿಯಲ್ಲಿ ಈ ವರ್ಷ ಹತ್ತು ಬಾಣಂತಿಯರಿದ್ದರೆ ಇಬ್ಬರು. ಇಲ್ಲಿ ಹಿಂದಿನ ಸಾಲುಗಳಲ್ಲಿ ಕೂತಿರುವ ಆಶಾ ಮತ್ತು ಅಂಗನವಾಡಿಯ ಅಕ್ಕಂದಿರು ಮನಸ್ಸಿನಲ್ಲೇ ತಮ್ಮ ಊರಿನ ಹೆಸರುಗಳನ್ನು ಎಣಿಸಿ ನೋಡಿಕೊಳ್ಳಲಿ. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮಾತು ಹೇಳಿತು. ಬಡತನ, ಗಂಡನೊಡನೆ ಕೆಟ್ಟ ಸಂಬಂಧ, ಹುಟ್ಟಿದ್ದು ಹೆಣ್ಣು ಎಂಬುದು ಖಿನ್ನತೆಗೆ ದಾರಿ ಮಾಡುತ್ತವೆ. ಹಾರ್ಮೋನಿನ ಏರುಪೇರು ಎಲ್ಲ ದೇಶದ ತಾಯಂದಿರಿಗೂ ಇದೆ. ಮೊದಲನೆಯದು ಹೆಣ್ಣು, ಎರಡನೆಯದೂ ಹೆಣ್ಣು ಎಂದಾಗ ಹೆರಿಗೆ ಕೋಣೆಯ ಹೊರಗೆ ಹರಡುವ ಮೌನ ಮಾತ್ರ ನಾವೇ ಮಾಡಿಟ್ಟದ್ದು. "ಹೋಗ್ಲಿ ಬಿಡವ್ವ, ಲಕ್ಷ್ಮಿ ಬಂದಳು" ಎನ್ನುವ ಸಮಾಧಾನದಲ್ಲಿ ಆ "ಹೋಗ್ಲಿ ಬಿಡು" ಹೆತ್ತವಳ ಕಿವಿಗೆ ಮೊದಲು ಬೀಳುತ್ತದೆ.

ಹಿಂದೆ ಇದಕ್ಕೆಲ್ಲ ನಮ್ಮಲ್ಲಿ ಒಂದೇ ಹೆಸರಿತ್ತು, ಬಾಣಂತಿ ಸನ್ನಿ. ಜ್ವರದಿಂದ ಬಡಬಡಿಸಿದರೂ ಸನ್ನಿ, ಫಿಟ್ಸ್ ಬಂದರೂ ಸನ್ನಿ, ಮಂಕಾಗಿ ಗೋಡೆ ನೋಡುತ್ತ ಕೂತರೂ ಸನ್ನಿ. ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸುವುದು, ದೃಷ್ಟಿ ತೆಗೆಯುವುದು, ದೇವರ ಕೇಳಿಸುವುದು ನಡೆಯುತ್ತಿತ್ತು, ಈಗಲೂ ನಡೆಯುತ್ತದೆ. ದೇವರ ಮುಂದೆ ಕೂರಿಸಿದ್ದಕ್ಕೆ ನನ್ನ ತಕರಾರಿಲ್ಲ. ಅಷ್ಟು ಹೊತ್ತು ನಾಲ್ಕು ಜನ ಅವಳ ಸುತ್ತ ಕೂತು ಅವಳ ಬಗ್ಗೆ ಯೋಚಿಸುತ್ತಾರಲ್ಲ, ಅದೂ ದೊಡ್ಡದು. ತಕರಾರು ಇರುವುದು ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಯ ದಾರಿ ಮುಚ್ಚುವುದಕ್ಕೆ. ಮುಚ್ಚುವುದಕ್ಕೆ ಕಾರಣವೂ ಗೊತ್ತಿರುವುದೇ: "ಹುಚ್ಚಿಯನ್ನು ತಲೆಗೆ ಕಟ್ಟಿದರು ಎಂದು ಬೀಗರು ಅಂದಾರು", "ತಂಗಿಗೆ ಗಂಡು ಸಿಗುವುದು ಕಷ್ಟವಾದೀತು." ತವರಿನವರು ಗಂಡನ ಮನೆಗೆ ಹೇಳುವುದಿಲ್ಲ, ಗಂಡನ ಮನೆಯವರು ಊರಿಗೆ ಹೇಳುವುದಿಲ್ಲ, ಹುಡುಗಿ ಯಾರಿಗೂ ಹೇಳುವುದಿಲ್ಲ. ಮಾನಸಿಕ ಕಾಯಿಲೆ ಎಂದು ಚೀಟಿಯಲ್ಲಿ ಬರೆದರೆ ಸಾಕು, ಸೋಡಚೀಟಿ ಕೊಡಬಹುದು ಎಂದು ನಂಬಿದವರನ್ನು ನಾನು ಕಂಡಿದ್ದೇನೆ. ಹಿಂದೂ ವಿವಾಹ ಕಾಯಿದೆ ಹಾಗೆ ಹೇಳುವುದಿಲ್ಲ. ವಾಸಿಯಾಗದ ಬುದ್ಧಿವಿಕಲತೆ, ಇಲ್ಲವೇ ಜೊತೆಗೆ ಬಾಳಲು ಸಾಧ್ಯವೇ ಇಲ್ಲ ಎನ್ನುವಷ್ಟು ತೀವ್ರವಾದ ಕಾಯಿಲೆ ಎಂದು ಅದು ಕಟ್ಟು ಹಾಕಿದೆ. ಕೆಲವು ತಿಂಗಳ ಚಿಕಿತ್ಸೆಗೆ ಇಳಿಯುವ ಖಿನ್ನತೆಯನ್ನು ತೋರಿಸಿ ಹೆದರಿಸುವುದು ಬರೀ ಬೆದರಿಕೆ.

ಕನ್ನಡದ ಮನೆಮನೆಗೂ ಈ ಸಂಗತಿಯನ್ನು ಮೊದಲು ತಂದವರು ವೈದ್ಯರಲ್ಲ, ಒಬ್ಬ ಕಾದಂಬರಿಗಾರ್ತಿ. ಮೈಸೂರಿನ ತ್ರಿವೇಣಿ. ಹೆರಿಗೆಯ ನಂತರ ಬುದ್ಧಿ ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಕಾವೇರಿಯ ಕತೆ "ಶರಪಂಜರ". 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ನಮ್ಮ ಚಿತ್ರದುರ್ಗದ ಕೋಟೆಯಲ್ಲಿ "ನಾಗರಹಾವು" ತೆಗೆದು ನಮ್ಮವರೇ ಆಗಿಬಿಟ್ಟ ಪುಟ್ಟಣ್ಣ ಅದಕ್ಕೆ ಒಂದು ವರ್ಷ ಮೊದಲು ತಂದ ಚಿತ್ರ ಅದು. ಹೆಂಗಸರು ಬಿಕ್ಕಿಬಿಕ್ಕಿ ಅತ್ತು ನೋಡಿದರು ಎನ್ನುತ್ತೇವೆ. ಏನು ನೋಡಿ ಅತ್ತರು ಎಂದು ಯೋಚಿಸುವುದು ಕಡಿಮೆ. ಆ ಕತೆಯಲ್ಲಿ ಕಾಯಿಲೆ ಅರ್ಧದಲ್ಲೇ ಮುಗಿದುಹೋಗುತ್ತದೆ. ವೈದ್ಯರು ಗೆಲ್ಲುತ್ತಾರೆ, ಕಾವೇರಿ ನೆಟ್ಟಗಾಗಿ ಮನೆಗೆ ಬರುತ್ತಾಳೆ. ಆಮೇಲೆ ಅವಳು ನಕ್ಕರೂ ಅನುಮಾನ, ಕೋಪಿಸಿಕೊಂಡರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ನೆರೆಯವರು ಪಿಸುಗುಟ್ಟುತ್ತಾರೆ, ಗಂಡ ದೂರ ಸರಿದು ಇನ್ನೊಬ್ಬಳ ಕಡೆ ವಾಲುತ್ತಾನೆ. ಆಸ್ಪತ್ರೆ ವಾಸಿಮಾಡಿ ಕಳಿಸಿದ ಹೆಂಗಸನ್ನು ಮನೆಯೇ ಮತ್ತೆ ಆಸ್ಪತ್ರೆಗೆ ದಬ್ಬುತ್ತದೆ. ಕಳಂಕ ಎಂಬುದು ಹೇಗೆ ಕೆಲಸ ಮಾಡುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸಿದ ಬರಹ ನಮ್ಮಲ್ಲಿ ಇನ್ನೊಂದಿದೆಯೆಂದು ನನಗೆ ಅನ್ನಿಸುವುದಿಲ್ಲ. ಬರೆದ ತ್ರಿವೇಣಿ 1963ರ ಜುಲೈನಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ತಾವೇ ಬಾಣಂತಿಯಾಗಿ ತೀರಿಕೊಂಡರು. ಆಗ ಅವರಿಗೆ ಮೂವತ್ತೈದು ತುಂಬಿರಲಿಲ್ಲ.

ಕಾವೇರಿಯ ಬೆನ್ನ ಹಿಂದೆ ಪಿಸುಗುಟ್ಟಿದವರು ಒಂದು ಬೀದಿಯವರು. ಎಣಿಸಿದರೆ ಹತ್ತು ಮನೆ. ಅವಳು ಬೇರೆ ಊರಿಗೆ ಹೋಗಿದ್ದರೆ ಆ ಪಿಸುಮಾತು ಹಿಂದೆ ಬರುತ್ತಿರಲಿಲ್ಲ. ಈಗಿನ ಕಾವೇರಿಗೆ ಆ ಅನುಕೂಲವೂ ಇಲ್ಲ.

2024ರ ಏಪ್ರಿಲ್ 28, ಚೆನ್ನೈ. ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಜಾರಿದ ಕೂಸೊಂದು ಕೆಳಗಿನ ಛಾವಣಿಯ ಅಂಚಿನಲ್ಲಿ ಸಿಕ್ಕಿಕೊಂಡಿತ್ತು. ನೆರೆಯವರು ಕೆಳಗೆ ಬೆಡ್‌ಶೀಟ್ ಹಿಡಿದು, ಕಿಟಕಿಯಿಂದ ಹತ್ತಿ ಅದನ್ನು ಉಳಿಸಿದರು. ಆ ವಿಡಿಯೊ ನಿಮ್ಮಲ್ಲಿ ಅನೇಕರ ಮೊಬೈಲಿಗೂ ಬಂದಿತ್ತು, ನಾವೆಲ್ಲ ಉಸಿರು ಬಿಗಿಹಿಡಿದು ನೋಡಿ ಮುಂದಕ್ಕೆ ಕಳಿಸಿದೆವು. ಮಗು ಬದುಕಿತು, ಅಲ್ಲಿಗೆ ನಮ್ಮ ಪಾಲಿಗೆ ಕತೆ ಮುಗಿಯಿತು. ತಾಯಿಯ ಪಾಲಿಗೆ ಅಲ್ಲಿಂದ ಶುರುವಾಯಿತು. ಗುರುತು ಪರಿಚಯವಿಲ್ಲದ ಜನ ಅವಳನ್ನು ಬೇಜವಾಬ್ದಾರಿ ಎಂದರು, ಹೆರಲು ಯೋಗ್ಯತೆಯಿಲ್ಲದವಳು ಎಂಬಂಥ ಮಾತುಗಳೂ ಬಂದವು. ಆಕೆ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದರೆಂದು ವರದಿಗಳು ಹೇಳಿದವು. ಸುಮಾರು ಮೂರು ವಾರದ ನಂತರ, ಕೊಯಮತ್ತೂರಿನ ಬಳಿಯ ತವರಿನಲ್ಲಿ ಆಕೆ ತಾನೇ ಜೀವ ಕಳೆದುಕೊಂಡರು. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ತಪ್ಪು, ಆಕೆಯ ಕಾಯಿಲೆಗೆ ದೂರದಿಂದ ನಾವು ಹೆಸರಿಡುವುದೂ ತಪ್ಪು. ಆದರೆ ಕೂಸು ಕೈಜಾರಿದ ಕ್ಷಣವನ್ನು ಆಕೆ ಸಾವಿರಾರು ಬಾರಿ ಬೇರೆಯವರ ಬಾಯಲ್ಲಿ ಕೇಳಬೇಕಾಯಿತು ಎಂಬುದಂತೂ ನಿಜ. ಹಳ್ಳಿಯಲ್ಲಿ ಮಗು ಬಾವಿಕಟ್ಟೆಯಿಂದ ಜಾರಿದ್ದರೂ ಜನ ಬೈಯುತ್ತಿದ್ದರು. ಸಂಜೆಗೆ ಅವರಲ್ಲೇ ಒಬ್ಬಾಕೆ ಬಂದು ಮೊಸರನ್ನ ಕೊಟ್ಟು, ತಲೆ ನೇವರಿಸಿ ಹೋಗುತ್ತಿದ್ದಳು. ಕಮೆಂಟು ಬರೆದವರಲ್ಲಿ ಹಾಗೆ ಬಂದವರಿಲ್ಲ.

ಇಂಥ ದೊಡ್ಡ ಸುದ್ದಿಗಳು ಅಪರೂಪ. ದಿನದಿನದ ಹಿಂಸೆ ಇನ್ನೂ ಸಣ್ಣದು, ಸಣ್ಣದಾದ್ದರಿಂದಲೇ ಹೇಳಿಕೊಳ್ಳಲಾಗದ್ದು. ಬಾಣಂತಿಗೆ ರಾತ್ರಿ ಎರಡು ಗಂಟೆಗೆ, ನಾಲ್ಕು ಗಂಟೆಗೆ ಎಚ್ಚರ. ಹಾಲೂಡಿಸುತ್ತ ಕೂತಾಗ ಜೊತೆಗಿರುವುದು ಫೋನ್ ಒಂದೇ. ಒಂದು ಸಲ ಮಗುವಿನ ರೀಲ್ಸ್ ನೋಡಿದರೆ ಸಾಕು, ಆಮೇಲೆ ಬರುವುದೆಲ್ಲ ಅದೇ. ಹೆರಿಗೆಯಾಗಿ ಹದಿನೈದನೇ ದಿನಕ್ಕೆ ಸೊಂಟ ಸಣ್ಣಗಾದ ತಾಯಿ, ಬೆಳ್ಳಗೆ ಗುಂಡಗೆ ನಗುವ ಕೂಸು, ಹೂವಿನ ಬುಟ್ಟಿಯಲ್ಲಿ ಮಲಗಿಸಿದ ಫೋಟೊ, ಸೀಮಂತದ ಡ್ರೋನ್ ವಿಡಿಯೊ. ನಾರ್ಮಲ್ ಹೆರಿಗೆಯಾಗಬೇಕಾದರೆ ಇದನ್ನು ತಿನ್ನಿ ಎನ್ನುವ ಉಪದೇಶ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್. ಮೂರರಲ್ಲಿ ಒಬ್ಬ ತಾಯಿ ಹೊಲಿಗೆಯ ನೋವಿನಲ್ಲಿ ಮಗ್ಗುಲು ಬದಲಾಯಿಸಲಾಗದೆ ಮಲಗಿ, ತಾನು ಸೋತೆ ಎಂದು ಆ ಉಪದೇಶ ಕೇಳುತ್ತಾಳೆ. ಎದೆಹಾಲು ಅಮೃತ ಎಂಬುದು ಸರಿಯಾದ ಮಾತೇ. ಹಾಲು ಇಳಿಯದವಳಿಗೆ ಅದನ್ನೇ ದಿನಕ್ಕೆ ಹತ್ತು ಸಲ ತೋರಿಸಿದರೆ ಅದೂ ಬೈಗುಳವಾಗುತ್ತದೆ. ಎಷ್ಟು ಗಂಟೆ ನೋಡಿದಳು ಎಂಬುದಕ್ಕಿಂತ, ನೋಡುತ್ತ ತನ್ನನ್ನು ಅದರ ಪಕ್ಕ ನಿಲ್ಲಿಸಿಕೊಂಡಳೇ ಎಂಬುದು ಇಲ್ಲಿ ಮುಖ್ಯ.

ಒಂದು ಸಂಗತಿ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಆ ಸೀಮಂತದ ಫೋಟೊಗಳಲ್ಲಿ ಮಿರುಗುವ ಸೀರೆ ಎಷ್ಟೋ ಸಲ ನಮ್ಮ ಮೊಳಕಾಲ್ಮೂರಿನದು. ಅದನ್ನು ನೇಯುವ ಮನೆಗಳಲ್ಲಿ ಮಗ್ಗವೂ ಬಾಣಂತಿಯೂ ಅಡುಗೆಯೂ ಒಂದೇ ಸೂರಿನ ಕೆಳಗೆ. ಮಗ್ಗದ ಸದ್ದಿಗೆ ಕೂಸು ಬೆಚ್ಚುತ್ತದೆ, ಸದ್ದು ನಿಂತರೆ ಅಂದಿನ ಕೂಲಿ ನಿಲ್ಲುತ್ತದೆ. ಮೂರು ತಿಂಗಳ ಬಾಣಂತನ ಎಂಬುದು ಮಾತಿಗಷ್ಟೆ, ಕೈ ಕಾಲು ಆಡುವಂತಾದ ಕೂಡಲೇ ಕಂಡಿಕೆ ಸುತ್ತಲು ಕೂರುವವರಿದ್ದಾರೆ. ಅವಳ ಕೈಯ ಸೀರೆ ಇನ್ಯಾರದೋ ಸಂಭ್ರಮವಾಗಿ ಅವಳ ಫೋನಿಗೇ ವಾಪಸು ಬರುತ್ತದೆ.

ಇನ್ನು ಭಯದ ಸುದ್ದಿ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಡ್ರಿಪ್ಪಿನಲ್ಲಿ ಕೊಟ್ಟ ದ್ರಾವಣದ ಮೇಲೆ ಅನುಮಾನ ಬಂದು ರಾಜ್ಯದಲ್ಲಿ ಅದರ ಬಳಕೆ ನಿಲ್ಲಿಸಿದರು. ಆ ಸುದ್ದಿ ಬರಲೇಬೇಕಿತ್ತು, ಬಾರದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ನಾವು ಸೇರಿರುವ ಈ ರಾಂಪುರಕ್ಕೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ, ಕಷ್ಟದ ಹೆರಿಗೆಗೆ ನಾವು ಓಡುವುದು ಆ ಕಡೆಗೇ. ಅಂಥ ಊರಿನ ತುಂಬು ಬಸುರಿಗೆ ಅದೇ ವಿಡಿಯೊವನ್ನು ಐದು ಗುಂಪುಗಳಿಂದ ಐದು ಸಲ, ಜೊತೆಗೆ ಇಲ್ಲದ್ದೆಲ್ಲ ಸೇರಿಸಿ, ಕಳಿಸುವ ಅಗತ್ಯ ಯಾರಿಗೂ ಇರಲಿಲ್ಲ.

ಹಾಗಾದರೆ ಬಾಣಂತಿಯ ಕೈಯಿಂದ ಮೊಬೈಲ್ ಕಿತ್ತುಕೊಳ್ಳಬೇಕೇ? ಹಿರಿಯರು ಹೇಳುವುದು ಅದನ್ನೇ, ಕಣ್ಣಿಗೆ ಒಳ್ಳೆಯದಲ್ಲ, ತಲೆನೋವು ಬರುತ್ತದೆ ಎಂದು. ನಾನು ಒಪ್ಪುವುದಿಲ್ಲ. ಮೂರು ತಿಂಗಳು ಹೊರಗಿನ ಮುಖ ಕಾಣದೆ ಕೂತವಳಿಗೆ ಜೊತೆಯಲ್ಲಿ ಓದಿದ ಗೆಳತಿಯ ಒಂದು ವಾಯ್ಸ್ ಮೆಸೇಜು ಕಷಾಯಕ್ಕಿಂತ ಹೆಚ್ಚು ಕೆಲಸ ಮಾಡಬಲ್ಲದು. "ನನಗೂ ಹಾಗೇ ಆಗಿತ್ತು ಕಣೇ" ಎಂಬ ಮಾತನ್ನು ತವರಿನ ಮಂಚದ ಮೇಲೆ ಯಾರೂ ಹೇಳದಿದ್ದಾಗ, ಗುರುತಿಲ್ಲದ ಹೆಂಗಸೊಬ್ಬಳು ಫೋನಿನಲ್ಲಿ ಹೇಳಿರುತ್ತಾಳೆ. ಹೆಸರು ಮಾಡಿದವರು ತಮ್ಮ ಕಾಯಿಲೆಯನ್ನು ಬಹಿರಂಗವಾಗಿ ಹೇಳಿದ್ದರಿಂದ ಆದ ಉಪಕಾರವೂ ಇದೆ. ಅಮೆರಿಕದ ನಟಿ ಬ್ರೂಕ್ ಶೀಲ್ಡ್ಸ್ 2005ರಲ್ಲಿ ತಮ್ಮ ಬಾಣಂತನದ ಖಿನ್ನತೆಯ ಬಗ್ಗೆ ಪುಸ್ತಕ ಬರೆದಾಗ ನಟ ಟಾಮ್ ಕ್ರೂಸ್ ಟೀವಿಯಲ್ಲಿ ಕೂತು, ಔಷಧಿ ತೆಗೆದುಕೊಂಡದ್ದೇ ತಪ್ಪು ಎಂದು ಟೀಕಿಸಿದರು. ಹೆರದ ಗಂಡಸು ಹೆತ್ತವಳಿಗೆ ಬುದ್ಧಿ ಹೇಳುವುದು ನಮ್ಮ ಕಟ್ಟೆಗಳಿಗೇ ಮೀಸಲೇನಲ್ಲ. ಆಕೆ ಪತ್ರಿಕೆಯಲ್ಲಿ ಖಡಕ್ಕಾಗಿ ಉತ್ತರ ಕೊಟ್ಟರು, ಆ ಜಗಳದಿಂದಲೇ ಎಷ್ಟೋ ಜನ ಈ ಕಾಯಿಲೆಯ ಹೆಸರು ಕೇಳಿದರು. ನಮ್ಮ ದೀಪಿಕಾ ಪಡುಕೋಣೆ ಅವರ ಖಿನ್ನತೆ ಬಾಣಂತನದ್ದಲ್ಲ. ಆದರೂ ಅವರು ಅದನ್ನು ಹೇಳಿಕೊಂಡು 2015ರಲ್ಲಿ ಕಟ್ಟಿದ ಸಂಸ್ಥೆಯ ಹಳ್ಳಿಗಳ ಕೆಲಸ ಮೊದಲು ಶುರುವಾದದ್ದು ಪಕ್ಕದ ದಾವಣಗೆರೆಯಲ್ಲಿ.

ಮೊಬೈಲ್ ಕಿತ್ತುಕೊಳ್ಳುವ ಮಾತಿಗೆ ಇನ್ನೊಂದು ಅಡ್ಡಿಯಿದೆ. ಎಷ್ಟೋ ಮನೆಗಳಲ್ಲಿ ಕಿತ್ತುಕೊಳ್ಳಲು ಅವಳ ಕೈಯಲ್ಲಿ ಮೊಬೈಲೇ ಇಲ್ಲ. ಆಗಲೇ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ತಾವೇ ಬಳಸುವ ಫೋನ್ ಇದ್ದವರು ನೂರಕ್ಕೆ 54, ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು 33. ಅಲ್ಲಿಂದ ಈಚೆಗೆ ಹೆಚ್ಚಾಗಿರಬೇಕು. ಆದರೂ ಫೋನ್ ತಮ್ಮನದು, ಸಿಮ್ ಅಪ್ಪನದು, ಏನು ಹುಡುಕಿದಳು ಎಂದು ಮನೆಯವರಿಗೆಲ್ಲ ಗೊತ್ತಾಗುವ ಸ್ಥಿತಿ. ಬೈಗುಳ ಅವಳನ್ನು ತಲುಪಲು ಫೋನ್ ಅವಳದೇ ಆಗಬೇಕಿಲ್ಲ, ಯಾರೋ ತೋರಿಸುತ್ತಾರೆ. ನೆರವು ತಲುಪಬೇಕಾದರೆ ಮಾತ್ರ ಫೋನ್ ಅವಳದಾಗಿರಬೇಕು, ಜೊತೆಗೆ ಒಂದು ಬಾಗಿಲು ಮುಚ್ಚಲು ಬರಬೇಕು. ನಗರದವರು ಬರೆಯುವ ಲೇಖನಗಳಲ್ಲಿ ಈ ವಿಷಯ ಬರುವುದಿಲ್ಲ.

ಬಾಗಿಲಿನ ಮಾತು ಬಂದದ್ದರಿಂದ, ಬಾಗಿಲೇ ಇಲ್ಲದ ಬಾಣಂತನದ ಬಗ್ಗೆ ಹೇಳಬೇಕು. 2023ರ ಜುಲೈ, ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿ. ಸೂತಕವೆಂದು ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಟ್ಟಿಗಳಿಗೂ ಈ ಪದ್ಧತಿ ಹೊಸದಲ್ಲ. ಒಂದು ಸಮುದಾಯದ ಕಡೆ ಬೆರಳು ತೋರಿಸಿ ಉಳಿದವರು ಕೈತೊಳೆದುಕೊಳ್ಳುವುದು ಬೇಡ. ಪುರುಡು ಎಂದು ಹತ್ತು ದಿನ ಮೂಲೆಗೆ ಕೂರಿಸಿದ ಮನೆಗಳು ಎಲ್ಲ ಜಾತಿಯಲ್ಲೂ ಇವೆ. ಹಟ್ಟಿಯೊಳಗಿನ ಓದಿದ ಹೆಣ್ಣುಮಕ್ಕಳೇ ಇದನ್ನು ಬಿಡಿಸಲು ಹೆಣಗುತ್ತಿದ್ದಾರೆ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯಿದೆ ಮುಟ್ಟಾದವರನ್ನು, ಗರ್ಭಿಣಿಯರನ್ನು ಊರಾಚೆ ಇರಿಸುವುದನ್ನು ಅಪರಾಧವೆಂದಿದೆ. ಆ ಸಾವಿನ ಸುದ್ದಿಯಲ್ಲಿ ಎಲ್ಲರೂ ಕೂಸಿನ ಬಗ್ಗೆ ಬರೆದರು, ಬರೆಯಬೇಕಾದದ್ದೇ. ಆ ತಾಯಿ ಆಮೇಲಿನ ರಾತ್ರಿಗಳನ್ನು ಹೇಗೆ ಕಳೆದಳು ಎಂದು ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಊರಾಚೆಯ ಗುಡಿಸಲು ಅವಳನ್ನು ಯಾರೂ ನೋಡದಂತೆ ಇರಿಸಿತು, ಕೈಯ ಫೋನು ಎಲ್ಲರೂ ನೋಡುವಂತೆ ಇರಿಸುತ್ತದೆ. ಹೇಗಿದ್ದೀಯವ್ವ ಎಂದು ಕೇಳುವವರು ಎರಡು ಕಡೆಯೂ ಇಲ್ಲ.

ಕೇಳುವವರನ್ನು ಎಲ್ಲಿಂದ ತರುವುದು? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಇದೇ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಸಾಕು. 1985ರಿಂದ ಐದು ವರ್ಷ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಮನಸ್ಸಿನ ಕಾಯಿಲೆಯವರನ್ನು ದೊಡ್ಡಾಸ್ಪತ್ರೆಗೆ ಕರೆಸುವ ಬದಲು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಊರೂರು ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ಗುರುತಿಸುವುದನ್ನು, ಮಾಮೂಲಿ ಔಷಧಿ ಕೊಡುವುದನ್ನು ಕಲಿಸಿದರು. ಆಗಿನ ಇಪ್ಪತ್ತು ಲಕ್ಷ ಜನರ ಜಿಲ್ಲೆಯಲ್ಲಿ ಇದು ನಡೆಯುತ್ತದೆಂದು ತೋರಿಸಿದ ಮೇಲೆ, 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ "ಬಳ್ಳಾರಿ ಮಾದರಿ" ಎಂದೇ ಅದನ್ನು ಕರೆದರು. ದೆಹಲಿಯಲ್ಲಿ, ಹೊರದೇಶದ ಪಠ್ಯಗಳಲ್ಲಿ ಬಳ್ಳಾರಿಯ ಹೆಸರು ಹೀಗಿದೆ. ಇಲ್ಲಿ ಕೂತ ನಮಗೆ ಬಳ್ಳಾರಿ ಎಂದರೆ ಗಣಿ, ಬಿಸಿಲು, ಜೈಲು. ನಿಮ್ಹಾನ್ಸ್‌ನಲ್ಲೇ 2009ರಲ್ಲಿ ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡು ಶುರುವಾಯಿತು, ದೇಶದಲ್ಲೇ ಮೊದಲನೆಯದು. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. "ಆಸ್ಪತ್ರೆಗೆ ಸೇರಿಸಿದರೆ ಮಗು ಕಿತ್ತುಕೊಳ್ಳುತ್ತಾರೆ" ಎಂದು ಹೆದರಿಸುವವರಿಗೆ ಇದನ್ನು ಹೇಳಿ.

ಆದರೆ ಬೆಂಗಳೂರಿನ ವಾರ್ಡು ಬೇಕಾಗುವುದು ಕೆಲವರಿಗಷ್ಟೆ. ಬಹುಪಾಲು ಬಾಣಂತಿಯರಿಗೆ ಬೇಕಾದವರು ಈ ಸಭೆಯ ಹಿಂದಿನ ಸಾಲಿನಲ್ಲಿದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಆರು ಸಲ ಹೋಗಬೇಕು: 3, 7, 14, 21, 28 ಮತ್ತು 42ನೇ ದಿನ. ಮಗುವಿನ ತೂಕ, ಮೈಬಿಸಿ, ಹೊಕ್ಕಳು, ಹಾಲು. ತಾಯಿಗೆ ಜ್ವರವಿದೆಯೇ, ರಕ್ತ ಹೋಗುತ್ತಿದೆಯೇ. ಆರು ಭೇಟಿಯಲ್ಲಿ ಅವಳ ಮನಸ್ಸಿನ ಬಗ್ಗೆ ಎಷ್ಟು ಸಲ ಕೇಳುತ್ತೀರಿ ಎಂದು ಅಕ್ಕಂದಿರನ್ನು ನಾನು ವಿಚಾರಿಸಿದ್ದೇನೆ, ಕೇಳಿದವರು ಕಡಿಮೆ. ತಪ್ಪು ಅವರದಲ್ಲ. ಅವರ ಫಾರಂ ತುಂಬಿಸಿಕೊಳ್ಳುವ ನಾವು ಅದಕ್ಕೆ ಬೆಲೆ ಕೊಡಲಿಲ್ಲ, ಅವರ ಗೌರವಧನದ ಹೋರಾಟಕ್ಕೂ ಕಿವಿಗೊಡಲಿಲ್ಲ. ಎಡಿನ್‌ಬರೋದಲ್ಲಿ 1987ರಲ್ಲಿ ಮಾಡಿದ ಹತ್ತು ಪ್ರಶ್ನೆಗಳ ಒಂದು ಪಟ್ಟಿಯಿದೆ, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ನಗು ಬಂತೇ, ನಿದ್ದೆ ಬಂತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿತೇ ಎಂಬ ಧಾಟಿಯ ಪ್ರಶ್ನೆಗಳು. ಐದು ನಿಮಿಷದ ಕೆಲಸ. ಅದು ಕಾಯಿಲೆ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದಿಲ್ಲ, ಯಾರನ್ನು ವೈದ್ಯರ ಹತ್ತಿರ ಕಳಿಸಬೇಕು ಎಂದು ತೋರಿಸುತ್ತದೆ.

ಅಕ್ಷರವಷ್ಟೇ ಬಲ್ಲ ಹಳ್ಳಿಯ ಹೆಂಗಸಿನಿಂದ ಇದು ಆಗುತ್ತದೆಯೇ ಎಂದು ಮೂಗು ಮುರಿಯುವವರಿಗೆ ಪಾಕಿಸ್ತಾನದ ಉದಾಹರಣೆ ಕೊಡುತ್ತೇನೆ. ರಾವಲ್ಪಿಂಡಿಯ ಹಳ್ಳಿಗಳಲ್ಲಿ ಡಾ. ಆತಿಫ್ ರೆಹಮಾನ್ ಅವರ ತಂಡ, ನಮ್ಮ ಆಶಾ ಅವರಂಥ ಕಾರ್ಯಕರ್ತೆಯರಿಗೇ ಖಿನ್ನತೆಯಿರುವ ತಾಯಂದಿರ ಜೊತೆ ಮಾತಾಡುವ ಕ್ರಮವನ್ನು ಕಲಿಸಿತು. 2008ರಲ್ಲಿ ಫಲಿತಾಂಶ ಬಂತು. ಹೆರಿಗೆಯಾದ ಆರು ತಿಂಗಳಿಗೆ ಖಿನ್ನತೆ ಉಳಿದಿದ್ದವರು ನೂರಕ್ಕೆ 23, ಬರೀ ಮಾಮೂಲಿ ಭೇಟಿ ಪಡೆದವರಲ್ಲಿ 53. ಅಲ್ಲಿ ಮನೆಯೊಳಕ್ಕೆ ಬಿಟ್ಟುಕೊಳ್ಳಲು ಅತ್ತೆಯರು ಒಪ್ಪಿದ್ದು, "ಮಗು ಚೆನ್ನಾಗಿ ಬೆಳೆಯಲಿ ಎಂದು ಬಂದಿದ್ದೇವೆ" ಎಂದು ಹೇಳಿದ್ದರಿಂದ. ಖಿನ್ನತೆ ಎಂಬ ಮಾತನ್ನೇ ಮುಂದೆ ಮಾಡಲಿಲ್ಲ. ಈ ಜಾಣತನ ನಮಗೂ ಬೇಕು. ಅತ್ತೆಯನ್ನು, ತಾಯಿಯನ್ನು ದೂರವಿಟ್ಟು ಮಾಡುವ ಯಾವ ಕೆಲಸವೂ ಬಾಣಂತಿ ಕೋಣೆಯ ಹೊಸಿಲು ದಾಟುವುದಿಲ್ಲ. ನೀರೆರೆಯುವ, ಸೊಂಟಕ್ಕೆ ಬಟ್ಟೆ ಬಿಗಿಯುವ ಆ ಕೈಗಳೇ ಮೊದಲ ಆಶಾ. ಅವರಿಗೆ ತಿಳಿಸಬೇಕಾದದ್ದು ಇಷ್ಟೇ: ಹುಡುಗಿ ಅತ್ತರೆ ಹಾಲು ಕೆಡುತ್ತದೆ ಎಂದು ಗದರಬೇಡಿ, ರಾತ್ರಿ ಒಂದು ಹೊತ್ತು ಮಗುವನ್ನು ನೀವು ಎತ್ತಿಕೊಂಡು ಅವಳಿಗೆ ನಾಲ್ಕು ಗಂಟೆ ನಿದ್ದೆ ಮಾಡಿಸಿ, ಎರಡು ವಾರ ಕಳೆದರೂ ಮಂಕು ಇಳಿಯದಿದ್ದರೆ ಹೇಳಿ. ಔಷಧಿ ಬೇಕಾಯಿತೆನ್ನಿ, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳನ್ನು ವೈದ್ಯರು ಆರಿಸಿ ಕೊಡುತ್ತಾರೆ.

ನಮ್ಮ ಗಡಿ ಸೀಮೆಗೇ ಸೇರಿದ ಎರಡು ತೊಡಕುಗಳಿವೆ. ಒಂದು, ಕೊಟ್ಟು ತಂದ ಸಂಬಂಧ. ರಾಯದುರ್ಗದ ಕಡೆಗೆ ಕೊಟ್ಟ ಮಗಳು ಹೆರಿಗೆಗೆ ಇಲ್ಲಿಗೆ ಬರುತ್ತಾಳೆ, ಅಲ್ಲಿಂದ ತಂದ ಸೊಸೆ ಅಲ್ಲಿಗೆ ಹೋಗುತ್ತಾಳೆ. 42ನೇ ದಿನದ ಭೇಟಿ ಮುಗಿದು, ಮೂರನೆಯದೋ ಐದನೆಯದೋ ತಿಂಗಳಲ್ಲಿ ಅವಳು ಗಂಡನ ಮನೆಗೆ ಹೊರಟಾಗ ತಾಯಿ ಕಾರ್ಡು ಜೊತೆಗೆ ಹೋಗುತ್ತದೆ, ಅವಳನ್ನು ಬಲ್ಲ ಆಶಾ ಇಲ್ಲೇ ಉಳಿಯುತ್ತಾಳೆ. ತವರಿನ ಆರೈಕೆ ನಿಂತು ಮನೆಗೆಲಸ ಮೈಮೇಲೆ ಬೀಳುವುದು ಆಗಲೇ. ರಾಜ್ಯದ ಗಡಿ ಇರಲಿ ಬಿಡಲಿ, ಒಂದು ಫೋನ್ ಮಾಡಿ ಆ ಊರಿನ ಕಾರ್ಯಕರ್ತೆಗೆ ಹೇಳಿ ಒಪ್ಪಿಸುವ ಪದ್ಧತಿಯನ್ನು ಇಲ್ಲಿಂದಲೇ ಶುರುಮಾಡಬಹುದು. ಇನ್ನೊಂದು, ಭಾಷೆ. ಮನೆಯಲ್ಲಿ ತೆಲುಗಾಡುವ ಹುಡುಗಿಗೆ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಓದಿದರೆ ಎಲ್ಲಕ್ಕೂ "ಚೆನ್ನಾಗಿದ್ದೀನಿ" ಎಂದೇ ಉತ್ತರ ಬರುತ್ತದೆ. ಅವಳ ಮನೆಮಾತಿನಲ್ಲೇ, ಕಾಗದ ಮಡಚಿಟ್ಟು ಕೇಳಬೇಕು.

ಕೊನೆಯದಾಗಿ ಒಂದು ನಂಬರು ಬರೆದುಕೊಳ್ಳಿ: 14416. ಟೆಲಿಮಾನಸ್ ಎಂದು ಹೆಸರು, 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲೂ ರಾತ್ರಿ, ದುಡ್ಡಿಲ್ಲ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಾರೆ. ಬಾಣಂತಿಯೇ ಮಾಡಬೇಕೆಂದಿಲ್ಲ. ಬೆಂಗಳೂರಿನಲ್ಲಿರುವ ಗಂಡ ಮಾಡಬಹುದು, ತಮ್ಮ ಮಾಡಬಹುದು, ಅತ್ತೆ ಮಾಡಬಹುದು. ಸಾಯುವ ಮಾತಾಡಿದರೆ, ಮಗುವಿಗೆ ಏನಾದರೂ ಮಾಡಿಯೇನು ಎಂದು ಹೆದರಿದರೆ, ಫೋನಿಗೂ ಕಾಯದೆ ಒಬ್ಬರು ಜೊತೆಗಿದ್ದು ಆಸ್ಪತ್ರೆಗೆ ಕರೆದೊಯ್ಯಿರಿ. ಗೋಡೆಗೆ ಈ ನಂಬರು ಬರೆಸಲು ಪಂಚಾಯ್ತಿಗೆ ಒಂದು ಡಬ್ಬಿ ಬಣ್ಣ ಸಾಕು. ಬಸ್ ಸ್ಟ್ಯಾಂಡಿನಲ್ಲಿ ಬೇಡ, ಲಸಿಕೆ ಹಾಕಿಸಲು ಸಾಲು ನಿಲ್ಲುವ ಕಡೆ ಬರೆಸಿ.

ಪ್ರಶ್ನೆಗಳಿಗೆ ಸಮಯವಿದೆ ಎಂದು ಅಧ್ಯಕ್ಷರು ಹೇಳಿದ್ದಾರೆ. ಮೊದಲು ಆಶಾ ಅಕ್ಕಂದಿರು ಕೇಳಲಿ, ಕತ್ತಲಾಗುವ ಮುಂಚೆ ಅವರು ಊರು ಸೇರಬೇಕು.